ತೊಂಬತ್ತು ದಿನದ ಲೆಕ್ಕ ಮುಗಿದ ಮೇಲೆ ಗಡಿಯಾರ ಯಾಕೆ ನಿಲ್ಲುತ್ತೆ?



2024ರ ಜೂನ್ ತಿಂಗಳು ನೆನಪಿದೆಯಾ? ಜೂನ್ 11ನೇ ತಾರೀಕು ನಟ ದರ್ಶನ್ ಬಂಧನವಾಯ್ತು. ಅವತ್ತಿಂದ ನಮ್ಮ ಸ್ಟುಡಿಯೋಗೆ ಬರ್ತಿದ್ದ ಫೋನ್ ಕರೆಗಳಲ್ಲಿ ಅರ್ಧದಷ್ಟು ಒಂದೇ ಪ್ರಶ್ನೆ: "ಸರ್, ತೊಂಬತ್ತು ದಿನದೊಳಗೆ ಚಾರ್ಜ್‌ಶೀಟ್ ಹಾಕ್ತಾರಾ? ಹಾಕದಿದ್ರೆ ಏನಾಗುತ್ತೆ?" ಟೀ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕಟಿಂಗ್ ಶಾಪಿನಲ್ಲಿ ಎಲ್ಲಾ ಕಡೆ ದಿನ ಎಣಿಸೋರೇ. ಕೊನೆಗೆ ಸೆಪ್ಟೆಂಬರ್ 4ಕ್ಕೆ ಪೊಲೀಸರು 3,991 ಪುಟದ ಚಾರ್ಜ್‌ಶೀಟ್ ಸಲ್ಲಿಸಿದರು. ತೊಂಬತ್ತು ದಿನಕ್ಕೆ ಇನ್ನೂ ನಾಲ್ಕೈದು ದಿನ ಬಾಕಿ ಇತ್ತು. ಲೆಕ್ಕ ಮುಗೀತು, ಜನ ಎಣಿಸೋದನ್ನ ನಿಲ್ಲಿಸಿದರು.

ಆ ಪ್ರಕರಣದಲ್ಲಿ ಯಾರು ತಪ್ಪಿತಸ್ಥರು ಅನ್ನೋದನ್ನ ನ್ಯಾಯಾಲಯ ಹೇಳಬೇಕು, ನಾನಲ್ಲ. ಇವತ್ತು ನಾನು ಮಾತಾಡೋದು ಆ ತೊಂಬತ್ತು ದಿನದ ಬಗ್ಗೆ. ಎಲ್ಲಿಂದ ಬಂತು ಈ ಲೆಕ್ಕ? ಯಾಕೆ ಬಂತು? ಅದಕ್ಕಿಂತ ಮುಖ್ಯವಾಗಿ, ಚಾರ್ಜ್‌ಶೀಟ್ ಬಿದ್ದ ಮೇಲೆ ಒಬ್ಬ ಆರೋಪಿಯನ್ನ ವಿಚಾರಣೆ ಮುಗಿಯದೆ ಎಷ್ಟು ವರ್ಷ ಒಳಗಿಡಬಹುದು? ಈ ಎರಡನೇ ಪ್ರಶ್ನೆ ಕೇಳೋರು ಬಹಳ ಕಡಿಮೆ. ಆದರೆ ನಮ್ಮ ಜೈಲುಗಳ ನಿಜವಾದ ಕಥೆ ಇರೋದು ಅಲ್ಲೇ.

ಮೊದಲು ಒಂದು ಅಂಕಿ ಕೇಳಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ 2022ರ ವರದಿ ಪ್ರಕಾರ ದೇಶದ ಜೈಲುಗಳಲ್ಲಿ ಇದ್ದವರು 5,73,220 ಜನ. ಅದರಲ್ಲಿ ವಿಚಾರಣಾಧೀನ ಕೈದಿಗಳು 4,34,302. ಅಂದ್ರೆ ನಾಲ್ವರಲ್ಲಿ ಮೂವರು! ಇವರಿಗೆ ಶಿಕ್ಷೆ ಆಗಿಲ್ಲ. ಕಾನೂನಿನ ಕಣ್ಣಲ್ಲಿ ಇವರು ಇನ್ನೂ ನಿರಪರಾಧಿಗಳು. ಅದರಲ್ಲೂ ಐದು ವರ್ಷಕ್ಕಿಂತ ಹೆಚ್ಚು ಕಾಲ ಹೀಗೇ ಕೂತವರು ಹನ್ನೊಂದು ಸಾವಿರಕ್ಕೂ ಹೆಚ್ಚು. ಐದು ವರ್ಷ ಅಂದ್ರೆ ನಾವು ಒಂದು ಸರ್ಕಾರಕ್ಕೆ ಕೊಡುವ ಅವಧಿ. ಅಷ್ಟು ದಿನ ತೀರ್ಪೇ ಇಲ್ಲದ ಜೈಲುವಾಸ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಕಾನೂನಿನಲ್ಲಿ ಎರಡು ಗಡಿಯಾರ ಇವೆ ಅಂತ ಇಟ್ಕೊಳ್ಳಿ. ಒಂದು ತನಿಖೆಯ ಗಡಿಯಾರ, ಇನ್ನೊಂದು ವಿಚಾರಣೆಯ ಗಡಿಯಾರ.

ತನಿಖೆಯ ಗಡಿಯಾರ ಬಂಧನದ ಕ್ಷಣದಿಂದಲೇ ಓಡುತ್ತೆ. ಸಂವಿಧಾನದ 22ನೇ ವಿಧಿ ಹೇಳುತ್ತೆ: ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಮಾತ್ರ ಇದಕ್ಕೆ ಸೇರಲ್ಲ. ಅಲ್ಲಿಂದ ಮುಂದೆ ಪೊಲೀಸ್ ಕಸ್ಟಡಿ ಒಟ್ಟು 15 ದಿನ. ಹಿಂದೆ ಈ ಹದಿನೈದು ದಿನ ಸಾಮಾನ್ಯವಾಗಿ ಮೊದಲ ಹದಿನೈದು ದಿನದಲ್ಲೇ ಮುಗಿಯಬೇಕಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದನ್ನ ಸಡಿಲ ಮಾಡಿದ್ದಾರೆ. ಪ್ರಕರಣ ನೋಡಿಕೊಂಡು ಮೊದಲ 40 ಅಥವಾ 60 ದಿನದಲ್ಲಿ ಆ ಹದಿನೈದು ದಿನವನ್ನ ತುಂಡು ತುಂಡಾಗಿಯೂ ಕೇಳಬಹುದು. ಉಳಿದ ದಿನ ನ್ಯಾಯಾಂಗ ಬಂಧನ, ಅಂದ್ರೆ ಜೈಲು.

ಇದಕ್ಕೂ ಮಿತಿ ಇದೆ. ಮರಣದಂಡನೆ, ಜೀವಾವಧಿ, ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದ್ರೆ 90 ದಿನ. ಉಳಿದವಕ್ಕೆ 60 ದಿನ. ಅಷ್ಟರೊಳಗೆ ಚಾರ್ಜ್‌ಶೀಟ್ ಬರಲಿಲ್ಲ ಅಂದ್ರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತೆ. ಕೇಸ್ ಗಟ್ಟಿಯಾಗಿದೆಯಾ, ಟೊಳ್ಳಾಗಿದೆಯಾ ಅಂತ ಜಡ್ಜ್ ನೋಡೋ ಹಾಗೇ ಇಲ್ಲ. ಕ್ಯಾಲೆಂಡರ್ ನೋಡಿದ್ರೆ ಸಾಕು. ಇದನ್ನೇ ಡಿಫಾಲ್ಟ್ ಬೇಲ್ ಅನ್ನೋದು. 2020ರಲ್ಲಿ ಸುಪ್ರೀಂ ಕೋರ್ಟ್ ಬಿಕ್ರಮ್‌ಜಿತ್ ಸಿಂಗ್ ಪ್ರಕರಣದಲ್ಲಿ, ಇದು ಬರೀ ಸೆಕ್ಷನ್ ಕೊಟ್ಟ ಸವಲತ್ತಲ್ಲ, ಸಂವಿಧಾನದ 21ನೇ ವಿಧಿಯಿಂದ ಬಂದ ಮೂಲಭೂತ ಹಕ್ಕು ಅಂತ ಹೇಳಿತು. ಕೊರೊನಾ ಲಾಕ್‌ಡೌನ್ ಸಮಯದಲ್ಲಿ ಕೋರ್ಟಿನ ಎಲ್ಲಾ ಗಡುವುಗಳನ್ನ ವಿಸ್ತರಿಸಿದರಲ್ಲ, ಆಗಲೂ ಈ ಗಡುವನ್ನ ವಿಸ್ತರಿಸೋಕೆ ಆಗಲ್ಲ ಅಂದಿತು ಸುಪ್ರೀಂ ಕೋರ್ಟ್.

"ಇದು ಅನ್ಯಾಯ ಅಲ್ವಾ? ಪೊಲೀಸರು ಒಂದು ದಿನ ತಡ ಮಾಡಿದ್ರೆ ಕೊಲೆ ಆರೋಪಿ ಹೊರಗೆ ಬರೋದಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಇಷ್ಟೇ: ಈ ಜಾಮೀನು ಖುಲಾಸೆ ಅಲ್ಲ. ಕೇಸ್ ಹಾಗೇ ಇರುತ್ತೆ, ವಿಚಾರಣೆ ನಡೆಯುತ್ತೆ. ಚಾರ್ಜ್‌ಶೀಟ್ ಬಂದ ಮೇಲೆ ಪ್ರಬಲ ಕಾರಣ ಇದ್ದರೆ ಜಾಮೀನು ರದ್ದು ಮಾಡೋಕೂ ಅವಕಾಶ ಇದೆ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಈ ನಿಯಮ ಇಲ್ಲದಿದ್ದರೆ ಏನಾಗ್ತಿತ್ತು ಯೋಚನೆ ಮಾಡಿ. ಮೊದಲು ಒಳಗೆ ಹಾಕು, ಆಮೇಲೆ ಸಾಕ್ಷಿ ಹುಡುಕು. ಸಿಕ್ಕಿದ್ರೆ ಸರಿ, ಸಿಗದಿದ್ರೆ ಅವನು ಅಲ್ಲೇ ಇರಲಿ. ತನಿಖಾಧಿಕಾರಿಯ ಬೆನ್ನ ಹಿಂದೆ ನಿಂತಿರೋ ಬೆತ್ತ ಈ ಗಡುವು.

ಆದರೆ ಈ ಹಕ್ಕಿಗೆ ಒಂದು ಕೊಕ್ಕೆ ಇದೆ. ಅದು ತಾನಾಗಿಯೇ ಸಿಗಲ್ಲ, ಕೇಳಬೇಕು. 61ನೇ ದಿನವೋ 91ನೇ ದಿನವೋ ಅರ್ಜಿ ಹಾಕಬೇಕು. ಬೆಳಿಗ್ಗೆ ನೀವು ಅರ್ಜಿ ಹಾಕಿದ್ರೆ, ಮಧ್ಯಾಹ್ನ ಪೊಲೀಸರು ಚಾರ್ಜ್‌ಶೀಟ್ ತಂದರೂ ನಿಮ್ಮ ಹಕ್ಕು ಉಳಿಯುತ್ತೆ. ನೀವು ಸುಮ್ಮನಿದ್ದು, ಮೊದಲು ಚಾರ್ಜ್‌ಶೀಟ್ ಬಂದುಬಿಟ್ರೆ ಹಕ್ಕು ಹೋಯ್ತು. ಎಣಿಕೆ ಶುರುವಾಗೋದು ಮ್ಯಾಜಿಸ್ಟ್ರೇಟ್ ಕಸ್ಟಡಿಗೆ ಒಪ್ಪಿಸಿದ ದಿನದಿಂದ, ಆ ದಿನವೂ ಲೆಕ್ಕಕ್ಕೆ ಸೇರುತ್ತೆ ಅಂತ 2023ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು. ಒಂದು ದಿನದ ವ್ಯತ್ಯಾಸಕ್ಕೆ ಸುಪ್ರೀಂ ಕೋರ್ಟಿನ ತನಕ ವಾದ! ದುಡ್ಡಿದ್ದವರ ವಕೀಲರು ಅರ್ಜಿ ಟೈಪ್ ಮಾಡಿಸಿ ಜೇಬಲ್ಲಿಟ್ಟುಕೊಂಡು ಕೋರ್ಟ್ ಬಾಗಿಲು ತೆಗೆಯೋದನ್ನೇ ಕಾಯ್ತಿರ್ತಾರೆ. ಬಡವನಿಗೆ ತಾನು ಒಳಗೆ ಬಂದು ಎಷ್ಟು ದಿನ ಆಯ್ತು ಅನ್ನೋದೇ ಮರೆತು ಹೋಗಿರುತ್ತೆ.

ಇನ್ನು ವಿಶೇಷ ಕಾನೂನುಗಳಲ್ಲಿ ಈ ಗಡುವೇ ಉದ್ದ. ಯುಎಪಿಎ ಅಡಿಯಲ್ಲಿ, ಸಂಘಟಿತ ಅಪರಾಧ ತಡೆಯೋಕೆ ನಮ್ಮ ರಾಜ್ಯ 2000ನೇ ಇಸವಿಯಲ್ಲಿ ಮಾಡಿದ ಕೋಕಾ ಅಡಿಯಲ್ಲಿ, ಕೋರ್ಟ್ ಒಪ್ಪಿದರೆ 180 ದಿನ. ಮಾದಕ ವಸ್ತು ಕಾಯ್ದೆಯಲ್ಲಿ ದೊಡ್ಡ ಪ್ರಮಾಣದ ಮಾಲು ಸಿಕ್ಕಿದ್ರೆ 180 ದಿನ, ಅದನ್ನ ಒಂದು ವರ್ಷದ ತನಕ ಎಳೆಯಬಹುದು.

ಇದಿಷ್ಟು ಮೊದಲನೇ ಗಡಿಯಾರ. ಟೀವಿಯಲ್ಲಿ ನಾವು ತೋರಿಸೋದು, ನೀವು ನೋಡೋದು ಇದನ್ನೇ. ಚಾರ್ಜ್‌ಶೀಟ್ ಬಿದ್ದ ಕ್ಷಣಕ್ಕೆ ಈ ಗಡಿಯಾರ ನಿಂತುಹೋಗುತ್ತೆ. ಆಮೇಲೆ?

ಆಮೇಲೆ ನಮ್ಮ ದೇಶದಲ್ಲಿ ಬಹಳ ವರ್ಷ ಎರಡನೇ ಗಡಿಯಾರವೇ ಇರಲಿಲ್ಲ.

1979ರ ಜನವರಿಗೆ ಹೋಗೋಣ. ಪೊಲೀಸ್ ಆಯೋಗದ ಸದಸ್ಯರಾಗಿದ್ದ ಕೆ.ಎಫ್. ರುಸ್ತುಂಜಿ ಬಿಹಾರದ ಜೈಲುಗಳನ್ನ ನೋಡಿ ಬಂದು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಬರೆದರು. ಅದನ್ನ ಓದಿದ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅದೇ ಹುಸೇನಾರಾ ಖಾತೂನ್ ಪ್ರಕರಣ. ಕೋರ್ಟ್ ಮುಂದೆ ಬಂದ ಪಟ್ಟಿ ನೋಡಿದ್ರೆ, ಅಪರಾಧ ಸಾಬೀತಾಗಿದ್ದರೂ ಎಷ್ಟು ಶಿಕ್ಷೆ ಆಗ್ತಿತ್ತೋ ಅದಕ್ಕಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಒಳಗಿದ್ದವರು ಇದ್ದರು. ತ್ವರಿತ ವಿಚಾರಣೆ ಅನ್ನೋದು ಬದುಕಿನ ಹಕ್ಕಿನ ಒಂದು ಭಾಗ ಅಂತ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಸಾರಿದ್ದು ಆಗಲೇ.

ತೀರ್ಪು ಬಂತು, ಸರಿ. ಎಲ್ಲಾ ಕಡೆ ತಲುಪಿತಾ? ಅಸ್ಸಾಮಿನ ಒಬ್ಬ ಬುಡಕಟ್ಟು ವ್ಯಕ್ತಿಯ ಕಥೆ ಕೇಳಿ. 1951ರಲ್ಲಿ ಹಲ್ಲೆ ಆರೋಪದ ಮೇಲೆ ಬಂಧನ. ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ವೈದ್ಯರು ಈತ ಸರಿ ಇದ್ದಾನೆ ಅಂದರು. ಮನೆಗೆ ಕಳಿಸಿದರಾ? ಇಲ್ಲ, ಗುವಾಹಟಿ ಜೈಲಿಗೆ ಕಳಿಸಿದರು. ಆಮೇಲೆ ಎಲ್ಲರೂ ಮರೆತರು. 2005ರಲ್ಲಿ ಮಾನವ ಹಕ್ಕುಗಳ ಆಯೋಗದ ಗಮನಕ್ಕೆ ಬಂದು, ಒಂದು ರೂಪಾಯಿ ಬಾಂಡ್ ಬರೆಸಿಕೊಂಡು ಬಿಟ್ಟರು. ಆಗ ಅವರಿಗೆ 77 ವರ್ಷ. ಒಳಗಿದ್ದದ್ದು 54 ವರ್ಷ. ವಿಚಾರಣೆ ಒಂದು ದಿನವೂ ನಡೆದಿರಲಿಲ್ಲ.

ಅದೇ 2005ರಲ್ಲಿ ಸಂಸತ್ತು ಹೊಸ ಕಲಂ ಸೇರಿಸಿತು, 436ಎ. 2006ರಲ್ಲಿ ಜಾರಿಗೆ ಬಂತು. ಎರಡನೇ ಗಡಿಯಾರ ಅಂತ ನಾನು ಹೇಳಿದ್ದು ಇದನ್ನೇ. ಈಗ ಅದು ಹೊಸ ಸಂಹಿತೆಯ 479ನೇ ಕಲಂ. ಇದನ್ನ ದಯವಿಟ್ಟು ನೆನಪಿಟ್ಟುಕೊಳ್ಳಿ. ಯಾರಿಗಾದರೂ ಉಪಯೋಗಕ್ಕೆ ಬರುತ್ತೆ.

ಲೆಕ್ಕ ಹೀಗಿದೆ. ಆರೋಪ ಹೊರಿಸಿದ ಅಪರಾಧಕ್ಕೆ ಗರಿಷ್ಠ ಎಷ್ಟು ಶಿಕ್ಷೆ ಇದೆಯೋ, ಅದರ ಅರ್ಧದಷ್ಟು ಕಾಲ ವಿಚಾರಣಾಧೀನನಾಗಿ ಕಳೆದಿದ್ದರೆ ಜಾಮೀನಿನ ಮೇಲೆ ಬಿಡಬೇಕು. ಹಿಂದೆ ಯಾವತ್ತೂ ಶಿಕ್ಷೆ ಆಗದ ಮೊದಲ ಬಾರಿಯ ಆರೋಪಿಗೆ ಮೂರನೇ ಒಂದು ಭಾಗ ಕಳೆದರೆ ಸಾಕು. ಉದಾಹರಣೆಗೆ ಸಾಮಾನ್ಯ ಕಳವು, ಗರಿಷ್ಠ ಮೂರು ವರ್ಷ. ಮೊದಲ ಸಲದವನಾದರೆ ಒಂದು ವರ್ಷಕ್ಕೆ, ಇಲ್ಲದಿದ್ದರೆ ಒಂದೂವರೆ ವರ್ಷಕ್ಕೆ ಹೊರಗೆ. ಮನೆಯೊಳಗಿನ ಕಳವಾದರೆ ಏಳು ವರ್ಷ, ಅದರ ಮೂರನೇ ಒಂದು ಭಾಗ ಎರಡು ವರ್ಷ ನಾಲ್ಕು ತಿಂಗಳು. ಕಾರಣ ಬರೆದು ಕೋರ್ಟ್ ಅರ್ಧಕ್ಕಿಂತ ಹೆಚ್ಚು ಕಾಲವೂ ಇಡಬಹುದು. ಆದರೆ ಗರಿಷ್ಠ ಶಿಕ್ಷೆಯ ಅವಧಿ ದಾಟಿ ಒಂದು ದಿನವೂ ಇಡೋ ಹಾಗಿಲ್ಲ. ಆರೋಪಿಯೇ ಬೇಕಂತ ಎಳೆದ ದಿನಗಳನ್ನ ಲೆಕ್ಕದಿಂದ ಕಳೀತಾರೆ. ಅದೂ ನ್ಯಾಯವೇ.

ಇದರಲ್ಲಿ ಇನ್ನೊಂದು ಒಳ್ಳೆಯ ಅಂಶ ಇದೆ. ಅವಧಿ ತುಂಬಿದ ಕೂಡಲೇ ಜೈಲ್ ಸೂಪರಿಂಟೆಂಡೆಂಟ್ ಅವರೇ ಕೋರ್ಟಿಗೆ ಅರ್ಜಿ ಬರೆಯಬೇಕು. ಕೈದಿ ಕೇಳಲಿ ಅಂತ ಕಾಯೋ ಹಾಗಿಲ್ಲ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಜುಲೈ 1ಕ್ಕಿಂತ ಹಿಂದಿನ ಕೇಸಿನವರಿಗೂ ಇದು ಅನ್ವಯ ಅಂತ ಸ್ಪಷ್ಟ ಮಾಡಿತು.

ಕೇಳೋಕೆ ಚೆನ್ನಾಗಿದೆ ಅಲ್ವಾ? ಈಗ ತೂತು ಎಲ್ಲೆಲ್ಲಿ ಇದೆ ನೋಡೋಣ.

ಮೊದಲನೇ ತೂತು: ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪ ಇದ್ದರೆ ಈ ಕಲಂ ಅನ್ವಯ ಆಗಲ್ಲ. ಹಿಂದೆ ಮರಣದಂಡನೆ ಮಾತ್ರ ಹೊರಗಿತ್ತು, ಹೊಸ ಕಾನೂನಿನಲ್ಲಿ ಜೀವಾವಧಿಯನ್ನೂ ಹೊರಗಿಟ್ಟಿದ್ದಾರೆ. ಕೊಲೆ, ದರೋಡೆ, ಅತ್ಯಾಚಾರದ ಎಷ್ಟೋ ಆರೋಪಗಳು ಇದರಲ್ಲೇ ಬರುತ್ತವೆ. ಎರಡನೇ ತೂತು ಇನ್ನೂ ದೊಡ್ಡದು: ಒಬ್ಬನ ಮೇಲೆ ಒಂದಕ್ಕಿಂತ ಹೆಚ್ಚು ಕೇಸ್ ಬಾಕಿ ಇದ್ದರೆ ಈ ಸವಲತ್ತು ಇಲ್ಲ. ನಮ್ಮಲ್ಲಿ ಒಬ್ಬ ಬೈಕ್ ಕಳ್ಳ ಸಿಕ್ಕಿದ್ರೆ ನಾಲ್ಕು ಹಳೇ ಬೈಕಿನ ಕೇಸೂ ಅವನ ತಲೆಗೇ ಬೀಳೋದು ಯಾರಿಗೆ ಗೊತ್ತಿಲ್ಲ?

ಹಾಗಾದ್ರೆ ವಿಚಾರಣೆ ಇಷ್ಟೇ ವರ್ಷದಲ್ಲಿ ಮುಗಿಯಬೇಕು ಅಂತ ಕೋರ್ಟೇ ಒಂದು ಗೆರೆ ಎಳೆಯಬಹುದಲ್ವಾ? ಎಳೆದಿತ್ತು. 1996ರಿಂದ ಕೆಲವು ತೀರ್ಪುಗಳಲ್ಲಿ ಸುಪ್ರೀಂ ಕೋರ್ಟ್ ಗಡುವು ಹಾಕಿತ್ತು. ಆಮೇಲೆ ನಮ್ಮ ಕರ್ನಾಟಕದಿಂದಲೇ ಒಂದು ಭ್ರಷ್ಟಾಚಾರದ ಕೇಸ್ ಹೋಯ್ತು, ಪಿ. ರಾಮಚಂದ್ರ ರಾವ್ ವಿರುದ್ಧ ಕರ್ನಾಟಕ ರಾಜ್ಯ. 2002ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಹೇಳಿತು: ತ್ವರಿತ ವಿಚಾರಣೆ ಹಕ್ಕು ನಿಜ, ಆದರೆ ಇಂತಿಷ್ಟೇ ದಿನ ಅಂತ ಗೆರೆ ಎಳೆಯೋದು ಕೋರ್ಟಿನ ಕೆಲಸ ಅಲ್ಲ, ಶಾಸನ ಮಾಡುವವರ ಕೆಲಸ. ಎಲ್ಲಾ ಕೇಸಿಗೂ ಅನ್ವಯಿಸುವ ಅಂಥ ಗೆರೆಯನ್ನ ಸಂಸತ್ತು ಇವತ್ತಿಗೂ ಎಳೆದಿಲ್ಲ. ಇಂಗ್ಲೆಂಡಿನಲ್ಲಿ ಗಂಭೀರ ಅಪರಾಧದ ಆರೋಪಿಯನ್ನ ವಿಚಾರಣೆ ಶುರುವಾಗುವ ತನಕ ಒಳಗಿಡೋಕೆ ಸಾಮಾನ್ಯವಾಗಿ 182 ದಿನದ ಮಿತಿ ಇದೆ, ಅದನ್ನ ಮೀರಬೇಕಾದ್ರೆ ಸರ್ಕಾರ ಕೋರ್ಟಿಗೆ ಕಾರಣ ಕೊಡಬೇಕು. ನಮ್ಮಲ್ಲಿ ಕಾರಣ ಕೊಡಬೇಕಾದವನು ಆರೋಪಿ, ತನ್ನನ್ನ ಯಾಕೆ ಬಿಡಬೇಕು ಅಂತ.

ಹೀಗಾಗಿ ಈಗ ನಡೀತಿರೋದು ಒಂದೊಂದೇ ಕೇಸು, ಒಂದೊಂದೇ ತೀರ್ಪು. 2021ರಲ್ಲಿ ಕೇರಳದ ಕೆ.ಎ. ನಜೀಬ್ ಪ್ರಕರಣ. ಪ್ರಾಧ್ಯಾಪಕರೊಬ್ಬರ ಕೈ ಕಡಿದ ಕೇಸಿನ ಆರೋಪಿ. ಯುಎಪಿಎ. ಐದು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದ, ಇನ್ನೂ 276 ಸಾಕ್ಷಿಗಳ ವಿಚಾರಣೆ ಬಾಕಿ ಇತ್ತು. ಕಾನೂನು ಎಷ್ಟೇ ಕಠಿಣವಾಗಿರಲಿ, ವಿಚಾರಣೆ ಸದ್ಯಕ್ಕೆ ಮುಗಿಯೋ ಲಕ್ಷಣ ಇಲ್ಲದಿದ್ದರೆ ಸಂವಿಧಾನದ ಹಕ್ಕು ಮೇಲೆ ನಿಲ್ಲುತ್ತೆ ಅಂತ ಮೂವರು ನ್ಯಾಯಮೂರ್ತಿಗಳು ಹೇಳಿದರು. 2024ರ ಆಗಸ್ಟ್‌ನಲ್ಲಿ ದೆಹಲಿಯ ಮನೀಶ್ ಸಿಸೋಡಿಯಾಗೆ 17 ತಿಂಗಳ ನಂತರ ಜಾಮೀನು ಸಿಕ್ಕಿದ್ದೂ ಇದೇ ತರ್ಕದ ಮೇಲೆ. ಅಲ್ಲಿ 493 ಸಾಕ್ಷಿಗಳು.

ನಮ್ಮ ಊರಿನ ಉದಾಹರಣೆ ಬೇಕಾ? ಗೌರಿ ಲಂಕೇಶ್ ಹತ್ಯೆ ಪ್ರಕರಣ. 2023ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಆರೋಪಿಗೆ ಜಾಮೀನು ಕೊಟ್ಟಿತು. ಐದು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದಾನೆ, 527 ಸಾಕ್ಷಿಗಳಲ್ಲಿ ವಿಚಾರಣೆ ಆಗಿದ್ದು 90 ಮಾತ್ರ ಅನ್ನೋದು ಕಾರಣ. ಅವತ್ತು ನನಗೆ ಬಂದ ಮೆಸೇಜುಗಳು ನೆನಪಿವೆ. ನಜೀಬ್ ತೀರ್ಪು ಬಂದಾಗ ಖುಷಿಪಟ್ಟವರಲ್ಲಿ ಕೆಲವರು ಇದಕ್ಕೆ ಸಿಟ್ಟಾದರು. ಅದಕ್ಕೆ ಸಿಟ್ಟಾದವರಲ್ಲಿ ಕೆಲವರು ಇದಕ್ಕೆ ಖುಷಿಪಟ್ಟರು. ಆದರೆ ತತ್ವ ಒಂದೇ ಅಲ್ವಾ? ನಮಗೆ ಬೇಕಾದವರಿಗೆ ಒಂದು, ಬೇಡದವರಿಗೆ ಒಂದು ಅಂತ ಇದ್ದರೆ ಅದು ಕಾನೂನು ಅಲ್ಲ.

ಎಲ್ಲರಿಗೂ ಈ ಬಾಗಿಲು ತೆರೆಯೋದೂ ಇಲ್ಲ. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ನಿರ್ದೇಶಕರಾಗಿ ಬಹಳ ವರ್ಷ ಕೆಲಸ ಮಾಡಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿಯವರನ್ನ 2020ರ ಅಕ್ಟೋಬರ್‌ನಲ್ಲಿ ಭೀಮಾ ಕೋರೆಗಾಂವ್ ಕೇಸಿನಲ್ಲಿ ಬಂಧಿಸಿದರು. ಪಾರ್ಕಿನ್ಸನ್ ಕಾಯಿಲೆ. ಲೋಟ ಹಿಡಿಯೋಕೆ ಕೈ ನಡುಗುತ್ತೆ, ನೀರು ಕುಡಿಯೋಕೆ ಒಂದು ಸ್ಟ್ರಾ ಕೊಡಿ ಅಂತ ಕೋರ್ಟಿಗೆ ಅರ್ಜಿ ಹಾಕಬೇಕಾಯ್ತು. 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ, ಆಸ್ಪತ್ರೆಯಲ್ಲಿ ತೀರಿಕೊಂಡರು. ವಿಚಾರಣೆ ಶುರುವೇ ಆಗಿರಲಿಲ್ಲ. ಅವರು ತಪ್ಪು ಮಾಡಿದ್ದರೋ ಇಲ್ಲವೋ, ಇನ್ನು ಯಾವ ವಿಚಾರಣೆಯೂ ಅವರ ಮಾತನ್ನ ಕೇಳಿ ಹೇಳೋಕೆ ಆಗಲ್ಲ.

ಇನ್ನೊಂದು ವಿಷಯ. ಜಾಮೀನು ಸಿಕ್ಕಿತು ಅಂದ್ರೆ ಹೊರಗೆ ಬಂದ್ರು ಅಂತ ಅಲ್ಲ. ನಾನು ಕೋರ್ಟ್ ಬೀಟ್ ಮಾಡ್ತಿದ್ದ ದಿನಗಳಲ್ಲಿ ಒಬ್ಬ ತಾಯಿಯನ್ನ ನೋಡ್ತಿದ್ದೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರಲ್ಲಿ ಜಾಮೀನು ಆದೇಶದ ಪ್ರತಿ. ಮಗನಿಗೆ ಜಾಮೀನು ಆಗಿ ಎರಡು ತಿಂಗಳು ಕಳೆದಿತ್ತು. ಶ್ಯೂರಿಟಿ ಬೇಕು. ಶ್ಯೂರಿಟಿಗೆ ಪಹಣಿ ಬೇಕು. ಊರಲ್ಲಿ ಅವರಿಗೆ ಭೂಮಿ ಇಲ್ಲ, ಭೂಮಿ ಇದ್ದವರು ಕಳ್ಳನ ತಾಯಿಗೆ ಪಹಣಿ ಕೊಡಲ್ಲ. "ಜಡ್ಜ್ ಸಾಹೇಬ್ರು ಬಿಡು ಅಂದವ್ರೆ ಕಣಪ್ಪ, ಕಾಗದ ಬಿಡ್ತಿಲ್ಲ" ಅಂದರು ಆಕೆ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. 1978ರಲ್ಲೇ ಮೋತಿರಾಮ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನ ಟೀಕಿಸಿದ್ದರು. ಒಬ್ಬ ಗಾರೆ ಕೆಲಸದವನಿಗೆ ಹತ್ತು ಸಾವಿರ ರೂಪಾಯಿ ಶ್ಯೂರಿಟಿ ಕೇಳಿ, ಅಣ್ಣತಮ್ಮ ಬೇರೆ ಜಿಲ್ಲೆಯವನು ಅಂತ ಅವನ ಶ್ಯೂರಿಟಿಯನ್ನೂ ತಿರಸ್ಕರಿಸಿದ್ದ ಕೇಸು ಅದು.

ಈಗ ಸ್ವಲ್ಪ ದಾರಿ ಆಗಿದೆ. ಜಾಮೀನು ಆಗಿ ಏಳು ದಿನದೊಳಗೆ ಹೊರಗೆ ಬರದಿದ್ರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಡ ವಿಚಾರಣಾಧೀನ ಕೈದಿಗಳ ಜಾಮೀನಿಗೆ ಹಣ ಕೊಡುವ ಕೇಂದ್ರದ ಯೋಜನೆಯೂ ಇದೆ. ಬಂಧನದಲ್ಲಿ ಇರುವ ಯಾರೇ ಆಗಲಿ, ಆದಾಯ ನೋಡದೆ ಉಚಿತ ವಕೀಲರನ್ನ ಪಡೆಯಬಹುದು. ಸಹಾಯವಾಣಿ 15100. ಬರೆದಿಟ್ಟುಕೊಳ್ಳಿ.

ಕೊನೆಗೆ ಎರಡು ಮಾತು. ಒಂದು, ಸಂತ್ರಸ್ತರ ಕಡೆಯಿಂದ. "ಆರೋಪಿಗಳ ಬಗ್ಗೆಯೇ ಇಷ್ಟು ಕರುಣೆ, ಸತ್ತವರ ಮನೆಯವರ ಕಥೆ ಏನು?" ಅಂತ ಕೇಳ್ತೀರಿ. ಕೇಳಲೇಬೇಕು. ಆದರೆ ವಿಚಾರಣೆ ಹತ್ತು ವರ್ಷ ಎಳೆದ್ರೆ ಅವರಿಗೂ ಏನು ಸಿಗುತ್ತೆ? ಸಾಕ್ಷಿಗಳು ಮರೀತಾರೆ, ಊರು ಬಿಡ್ತಾರೆ, ಸಾಯ್ತಾರೆ. ಆರೋಪಿ ಒಳಗಿದ್ದಾನೆ ಅನ್ನೋ ಸಮಾಧಾನದಲ್ಲಿ ತೀರ್ಪು ಬಂದಿಲ್ಲ ಅನ್ನೋದನ್ನೇ ವ್ಯವಸ್ಥೆ ಮರೆತುಬಿಡುತ್ತೆ. ಗೆದ್ದವನು ಸೋತ, ಸೋತವನು ಸತ್ತ ಅಂತ ಹಿರಿಯರು ಹೇಳ್ತಿದ್ರು. ಇಲ್ಲಿ ಗೆಲ್ಲೋ ಸೋಲೋ ದಿನವೇ ಬರ್ತಿಲ್ಲ. ಬೇಗ ವಿಚಾರಣೆ ಆಗಬೇಕು ಅನ್ನೋದು ಆರೋಪಿಯಷ್ಟೇ ಸಂತ್ರಸ್ತರ ಹಕ್ಕೂ ಹೌದು.

ಎರಡನೇದು, ನಮ್ಮ ಬಗ್ಗೆ. ಬಂಧನದ ದಿನ ನಾವು ಇಪ್ಪತ್ತನಾಲ್ಕು ಗಂಟೆ ತೋರಿಸ್ತೀವಿ. ಚಾರ್ಜ್‌ಶೀಟ್ ದಿನ ಪುಟ ಎಣಿಸ್ತೀವಿ. ಜಾಮೀನು ಸಿಕ್ಕಿದ್ರೆ ಏನೋ ಅನ್ಯಾಯ ಆದ ಹಾಗೆ ಕೂಗ್ತೀವಿ. ಸಾಕ್ಷಿ ಬರದೆ ಕೇಸ್ ಮುಂದಕ್ಕೆ ಹೋದ ನೂರಾರು ದಿನಗಳಲ್ಲಿ ಒಂದು ದಿನವೂ ನಮ್ಮ ಕ್ಯಾಮರಾ ಆ ಕೋರ್ಟ್ ಹಾಲಿನ ಹೊರಗೆ ಇರಲ್ಲ. ಈ ತಪ್ಪು ನನ್ನದೂ ಹೌದು. ಅದಕ್ಕೇ ಇವತ್ತು ಇಷ್ಟು ಹೊತ್ತು ಇದನ್ನ ಹೇಳಿದೆ.

ಮುಂದಿನ ಸಲ ಯಾರದ್ದೋ ಬಂಧನದ ಸುದ್ದಿ ನೋಡಿ ನೀವು ತೊಂಬತ್ತು ದಿನ ಎಣಿಸೋಕೆ ಶುರು ಮಾಡಿದಾಗ, ತೊಂಬತ್ತಕ್ಕೆ ನಿಲ್ಲಿಸಬೇಡಿ. ಮುಂದೆಯೂ ಎಣಿಸಿ. ನೂರು, ಐನೂರು, ಸಾವಿರ. ಆ ಲೆಕ್ಕ ಕೇಳೋರು ಇದ್ದರೆ ಮಾತ್ರ ಕೊಡೋರು ಕೊಡ್ತಾರೆ.

ಯೋಚನೆ ಮಾಡಿ.